ಬರೆಹದ ಪ್ರಯೋಜನ: ಬೇಗೂರಿನ ಕಲ್ಲಿನಿಂದ ಬ್ಲಾಕ್‌ಚೈನಿನವರೆಗೆ

ಆನೇಕಲ್ ಪೇಟೆಯಿಂದ ಚಂದಾಪುರಕ್ಕೆ ಬಂದು ಹೊಸೂರು ರಸ್ತೆಯನ್ನು ಹಿಡಿದು ಬೆಂಗಳೂರಿನತ್ತ ಸಾಗಿದರೆ ಹೆಬ್ಬಗೋಡಿಯ ಆಚೆಗೆ ಎಲೆಕ್ಟ್ರಾನಿಕ್ ಸಿಟಿ ಎದುರಾಗುತ್ತದೆ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಅದು ತಲೆಯೆತ್ತಿತು. ದತ್ತಿಭೂಮಿಯನ್ನು ನೆನಪಿಸುವ 'ಅಗ್ರಹಾರ'ವೆಂಬ ಹಳೆಯ ಹೆಸರು ಮಾತ್ರ ಅಳಿಯಲಿಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಗಂಗರ ಕಾಲದ ಶಿಲಾಲೇಖಗಳ ಬೇಗೂರು ಇದೆ. ಆನೇಕಲ್ ತಾಲ್ಲೂಕಿನ ಹಳ್ಳಿಗಳ ಶಾಸನಗಳೂ ಬೇಗೂರಿನ ಶಾಸನಗಳೂ ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಒಟ್ಟಿಗೇ ಅಚ್ಚಾಗಿವೆ. ಬದಲಾಗದಂತೆ ಬರೆದಿಡಬೇಕೆಂಬ ಹಂಬಲ ಈ ಸೀಮೆಗೆ ಗಣಕಯಂತ್ರದೊಡನೆ ಬಂದುದಲ್ಲ.

ಮನುಷ್ಯ ಏಕೆ ಬರೆಯುತ್ತಾನೆ ಎಂಬ ಪ್ರಶ್ನೆಗೆ ಮಮ್ಮಟನು ಕಾವ್ಯಪ್ರಕಾಶದ ಆರಂಭದಲ್ಲೇ ಆರು ಪ್ರಯೋಜನಗಳನ್ನು ಹೇಳಿದ್ದಾನೆ. ಮೊದಲನೆಯದು ಯಶಸ್ಸು, ಎರಡನೆಯದು ಅರ್ಥ. ವ್ಯವಹಾರಜ್ಞಾನ, ಅಮಂಗಳನಿವಾರಣೆ, ಓದುತ್ತಲೇ ಒದಗುವ ಆನಂದ, ಕಾಂತೆಯ ನುಡಿಯಂತಹ ಹಿತೋಪದೇಶ ಇವು ಉಳಿದವು. ಬರೆಹ ಉಳಿಯುವುದು ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಉಳಿಸುವುದು ಕವಿಯ ಕೆಲಸವಲ್ಲ, ಬೇರೆಯವರದು ಎಂಬ ಗ್ರಹಿಕೆ ಅದರ ಹಿಂದಿರಬಹುದು. ಇಂದಿನ ಬ್ಲಾಕ್‌ಚೈನ್ ಮಾಧ್ಯಮಗಳು ಬರೆಹಗಾರನಿಗೆ ಕೊಟ್ಟ ಭರವಸೆಯ ಹೊಸತನ ಇಲ್ಲಿಯೇ ಇದೆ: ಅರ್ಥವೂ ಉಳಿವೂ ಒಂದೇ ಕಡೆ ದೊರೆಯುತ್ತವೆ, ನಡುವೆ ಒಡೆಯನಿರುವುದಿಲ್ಲ ಎಂದು ಅವು ಹೇಳಿದವು.

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಇವೆರಡೂ ಬಹುಮಟ್ಟಿಗೆ ಬೇರೆ ಬೇರೆ ಕೈಗಳಲ್ಲಿದ್ದವು. ಪಂಪನಿಗೆ ಅರಿಕೇಸರಿಯಿಂದ ಧರ್ಮಪುರದ ಅಗ್ರಹಾರ ದೊರೆಯಿತು. ಆ ಸಂಗತಿಯನ್ನು ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳ ಶಾಸನದಲ್ಲಿ ನಿಲ್ಲಿಸಿದವನು ಅವನ ತಮ್ಮ ಜಿನವಲ್ಲಭ. ಇಂದಿನ ತೆಲಂಗಾಣದ ಕುರ್ಕ್ಯಾಲದ ಆ ಬಂಡೆ ದೊರೆಯದಿದ್ದರೆ ಪಂಪನ ಮನೆತನದ ಬಗೆಗಿನ ನಮ್ಮ ತಿಳಿವು ಎಷ್ಟೋ ಬಡವಾಗುತ್ತಿತ್ತು. ಮೆಚ್ಚಿದವನು ಅರಸ, ದಾಖಲಿಸಿದವನು ತಮ್ಮ. ಪಂಪನೇ ತನ್ನ ಎರಡು ಕಾವ್ಯಗಳಲ್ಲಿ ಒಂದನ್ನು ಲೌಕಿಕಕ್ಕೂ ಇನ್ನೊಂದನ್ನು ಜಿನಾಗಮಕ್ಕೂ ಮೀಸಲಿಟ್ಟುದಾಗಿ ಹೇಳಿಕೊಂಡಿದ್ದಾನೆ. ಒಬ್ಬನೇ ಬರೆಹಗಾರ ಎರಡು ಪ್ರೇರಣೆಗಳಿಗೆ ಎರಡು ಎಡೆಗಳನ್ನು ಆರಿಸಿಕೊಳ್ಳುವುದು ಹೊಸ ಮಾತೇನಲ್ಲ.

ಶಾಂತಿಪುರಾಣದ ಕಥೆ ಇನ್ನೂ ತಿಳಿಯಾದುದು. ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸೋದರರು ತಮ್ಮ ಗುರು ಜಿನಚಂದ್ರರ ನಿರ್ವಾಣದ ತರುವಾಯ ಪರೋಕ್ಷವಿನಯವಾಗಿ ಪೊನ್ನನಿಂದ ಆ ಕಾವ್ಯವನ್ನು ಬರೆಯಿಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ ಮುಂದೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆಗರಿಯ ಮೇಲೆ ಲಿಪಿಕಾರರು ಒಂದೊಂದು ಅಕ್ಷರವನ್ನೂ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಎಂಬ ಎಣಿಕೆಯ ಭಾರ ಅಚ್ಚಿನ ಯುಗದವರಿಗೆ ಸುಲಭವಾಗಿ ಹೊಳೆಯದು. ಇದರಿಂದ ಪೊನ್ನನಿಗೆ ಹೊಸದಾಗಿ ಬರಬೇಕಾದುದೇನೂ ಇರಲಿಲ್ಲ. ಪ್ರತಿ ಪಡೆದವನು ಹಣ ಕೊಡಬೇಕಾಗಿರಲಿಲ್ಲ. ಅತ್ತಿಮಬ್ಬೆಗೆ ಅದು ಶಾಸ್ತ್ರದಾನ. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ನಿಲ್ಲುವ ದಾನ. ಸಾವಿರ ಕಡೆ ಚದುರಿದ ಕೃತಿಯನ್ನು ಯಾವ ಒಬ್ಬ ಅರಸನೂ ಅಳಿಸಲಾರ, ಒಂದು ಬೆಂಕಿಯೂ ಸುಡಲಾರದು. ಬ್ಲಾಕ್‌ಚೈನ್ ತಂತ್ರದ ತಿರುಳೂ ಇದೇ: ಒಂದೇ ಕಡತವು ಅನೇಕ ಯಂತ್ರಗಳಲ್ಲಿ ಏಕಕಾಲಕ್ಕೆ ಇರುವುದು. ಆದರೆ ಯಂತ್ರಗಳನ್ನು ನಡೆಸುವವರು ಅಲ್ಲಿ ಅದನ್ನು ನಾಣ್ಯಕ್ಕಾಗಿ ಮಾಡುತ್ತಾರೆ.

ಇದಕ್ಕೆ ಎದುರಾದ ನಿದರ್ಶನವೂ ಜೈನ ಪರಂಪರೆಯಲ್ಲೇ ಇದೆ. ಧವಲ, ಜಯಧವಲ, ಮಹಾಧವಲ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಯೋಲೆಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದರ್ಶನದ ವಸ್ತುಗಳಾಗಿ ಉಳಿದವು. ಅವುಗಳಲ್ಲಿ ಮಹಾಬಂಧದ ಪ್ರತಿಯನ್ನು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಮಲ್ಲಿಕಬ್ಬೆ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ್ದಳು. ಭಕ್ತಿ ಅವನ್ನು ಕಾಪಾಡಿತು. ಓದುಗರಿಂದ ದೂರವೂ ಇಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. 1939ರಿಂದ ಧವಲದ ಮುದ್ರಣ ಶುರುವಾದ ಮೇಲೆಯೇ ವಿದ್ವತ್‌ಲೋಕಕ್ಕೆ ಅವು ನಿಜವಾಗಿ ತೆರೆದವು.

ಈಗಿನ ಕಾಲಕ್ಕೆ ಬಂದರೆ, ಜನಬಳಕೆಯ ಸಾಮಾಜಿಕ ಜಾಲಗಳಲ್ಲಿ ಕನ್ನಡದಲ್ಲಿ ಬರೆಯುವವರಲ್ಲಿ ಬಹುಪಾಲು ಮಂದಿಗೆ ಅದರಿಂದ ಕಾಸು ಬರುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಒಂದು ಶಾಸನದ ಪಾಠವನ್ನು ಹಾಕಿದವನಿಗೆ ಅರ್ಧ ಗಂಟೆಯಲ್ಲಿ ಇನ್ನೊಬ್ಬ ಅಭ್ಯಾಸಿಯ ತಿದ್ದುಪಡಿ ಬರುತ್ತದೆ. ಅದೇ ಅವನ ಸಂಭಾವನೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬಯಸುವವರಿಗೆ 2018ರಲ್ಲಿ ಸಾವಿರ ಚಂದಾದಾರರು ಮತ್ತು ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಎಂಬ ಹೊಸ್ತಿಲನ್ನು ಹಾಕಲಾಯಿತು. ಹಳಗನ್ನಡ ವ್ಯಾಕರಣದ ಪಾಠ ಹೇಳುವವನಿಗೆ ಆ ಹೊಸ್ತಿಲು ಎತ್ತರದ್ದೇ. ಆದರೂ ಜನ ಅಲ್ಲಿದ್ದಾರೆ, ಆದ್ದರಿಂದ ಅವನೂ ಅಲ್ಲಿದ್ದಾನೆ. ಇದಕ್ಕೆ ತೆರಬೇಕಾದ ಬೆಲೆ ಬೆಂಗಳೂರಿನ 'ಕೂ' ಜಾಲದಲ್ಲಿ ಕಾಣಿಸಿತು. 2020ರಲ್ಲಿ ಕನ್ನಡದಿಂದಲೇ ಮೊದಲ್ಗೊಂಡ ಆ ಜಾಲ 2024ರ ಜುಲೈಯಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಆರ್ಕುಟ್ 2014ರಲ್ಲೂ ಗೂಗಲ್ ಪ್ಲಸ್ 2019ರಲ್ಲೂ ಅದೇ ದಾರಿ ಹಿಡಿದಿದ್ದವು. ಜಾಲಗಳು ಮುಚ್ಚಿದಾಗ ಅಲ್ಲಿಯ ಬಹಳಷ್ಟು ಚರ್ಚೆಗಳು ಓದುಗರ ಕೈತಪ್ಪಿ ಹೋದವು.

ಇಂತಹ ಅಳಿವಿಗೆ ಉತ್ತರವೆಂಬಂತೆ 2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಸ್ಟೀಮಿಟ್ ಎಂಬ ತಾಣವನ್ನು ತೆರೆದರು. ಬರೆಹದ ಪಠ್ಯವು ಸ್ಟೀಮ್ ಎಂಬ ಬ್ಲಾಕ್‌ಚೈನಿನಲ್ಲಿ ಸೇರುತ್ತಿತ್ತು. ಓದುಗರ ಮತಕ್ಕೆ ತಕ್ಕಂತೆ ಬರೆದವನಿಗೆ ಸ್ಟೀಮ್ ನಾಣ್ಯ ಸಲ್ಲುತ್ತಿತ್ತು. ಮತದ ತೂಕ ಮಾತ್ರ ಒಬ್ಬೊಬ್ಬನ ಬಳಿಯಿರುವ ನಾಣ್ಯದ ಪಾಲಿಗೆ ಅನುಗುಣ. ಹೆಚ್ಚು ಪಾಲುಳ್ಳವನ ಒಂದು ಮೆಚ್ಚುಗೆ ನೂರಾರು ಬಡ ಓದುಗರ ಮೆಚ್ಚುಗೆಯನ್ನು ಮೀರುತ್ತಿತ್ತು. ಹೀಗಾಗಿ ಸಹೃದಯನ ಜಾಗಕ್ಕೆ ಮತ್ತೆ ಆಶ್ರಯದಾತನೇ ಬಂದು ಕುಳಿತ. ಅರಿಕೇಸರಿಗಾದರೂ ಕಾವ್ಯ ಕೇಳುವ ಕಿವಿಯಿತ್ತು. ಇಲ್ಲಿ ಓದದೆಯೇ ಮತ ಹಾಕುವ, ಬಾಡಿಗೆಗೆ ಮತ ಕೊಡುವ ಯಂತ್ರಗಳು ಹುಟ್ಟಿದವು. ಎಲ್ಲಕ್ಕಿಂತ ಗಮನಿಸಬೇಕಾದ ನಿಯಮ ಇನ್ನೊಂದು. ಒಂದು ಬರೆಹಕ್ಕೆ ಸಂಭಾವನೆ ಸಿಗುವುದು ಅದು ಪ್ರಕಟವಾದ ಏಳು ದಿನಗಳೊಳಗೆ ಬಿದ್ದ ಮತಗಳಿಗೆ ಮಾತ್ರ. ಬರೆಹ ಶಾಶ್ವತ, ಅದರ ಬೆಲೆ ಏಳು ದಿನದ್ದು! ಹತ್ತು ವರ್ಷದ ಅನಂತರ ಒಬ್ಬ ಸಂಶೋಧಕನಿಗೆ ಬೇಕಾಗುವಂತಹುದನ್ನು ಬರೆಯಲು ಅಲ್ಲಿ ಯಾವ ಪ್ರಚೋದನೆಯೂ ಇರಲಿಲ್ಲ. ಚಿತ್ರಗಳಂತೂ ಸರಪಳಿಯೊಳಗೆ ಇರಲೇ ಇಲ್ಲ, ಮಾಮೂಲಿ ಸರ್ವರುಗಳಲ್ಲಿದ್ದವು.

2020ರ ಫೆಬ್ರವರಿಯಲ್ಲಿ ಜಸ್ಟಿನ್ ಸನ್ ಎಂಬ ಉದ್ಯಮಿ ಸ್ಟೀಮಿಟ್ ಕಂಪನಿಯನ್ನು ಕೊಂಡ. ಒಡೆಯನಿಲ್ಲದ ಮಾಧ್ಯಮಕ್ಕೂ ಒಡೆಯನೊಬ್ಬ ಬರಬಲ್ಲ ಎಂಬುದು ಆಗ ಬಳಕೆದಾರರಿಗೆ ತಿಳಿಯಿತು. ನಾಣ್ಯ ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇರಿಸಿದ್ದ ಪಾಲನ್ನೂ ಬಳಸಿ ಜಾಲವನ್ನು ನಡೆಸುತ್ತಿದ್ದ ಪ್ರತಿನಿಧಿಗಳನ್ನು ಮತದಿಂದ ಕೆಳಗಿಳಿಸಲಾಯಿತು. ಮಾರ್ಚ್ 20ರಂದು ಸಮುದಾಯದ ಒಂದು ಬಣ ಹಳೆಯ ಬರೆಹಗಳೆಲ್ಲವನ್ನೂ ಪ್ರತಿ ಮಾಡಿಕೊಂಡು 'ಹೈವ್' ಎಂಬ ಬೇರೆ ಸರಪಳಿಯನ್ನು ಕಟ್ಟಿತು. ಗಣಿತದ ಬೀಗ ಒಬ್ಬ ಒಡೆಯನನ್ನು ತಡೆಯಲಿಲ್ಲ. ಪ್ರತಿ ಮಾಡುವ ಸ್ವಾತಂತ್ರ್ಯ ಬರೆಹಗಳನ್ನು ಉಳಿಸಿತು. ಭಾರತದಲ್ಲಿ 2022ರಿಂದ ಇಂತಹ ನಾಣ್ಯಗಳ ಲಾಭದ ಮೇಲೆ ಶೇ. 30 ತೆರಿಗೆ, ವರ್ಗಾವಣೆಯ ಮೇಲೆ ಶೇ. 1 ಮೂಲದಲ್ಲೇ ಕಡಿತ ಜಾರಿಯಾದ ಮೇಲೆ ಅರ್ಥಕ್ಕಾಗಿ ಅಲ್ಲಿಗೆ ಹೋಗುವವರ ಹುರುಪಿಗೆ ಇನ್ನಷ್ಟು ಕಾರಣ ಕಡಿಮೆಯಾಯಿತು.

ಬೇಗೂರಿನ ಕಲ್ಲುಗಳನ್ನು ಕಡೆದವರಿಗೆ ಇಂತಹ ಲೆಕ್ಕಾಚಾರವಿರಲಿಲ್ಲವೆಂದಲ್ಲ. ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನ ಶಾಸನ ವೀರದ ಕಥೆಯಷ್ಟೇ ಭೂದತ್ತಿಯ ಪತ್ರವೂ ಹೌದು. ಅಂದಿನ ದತ್ತಿಶಾಸನಗಳಲ್ಲಿ ಎಲ್ಲೆಗಳ ವಿವರ, ಸಾಕ್ಷಿಗಳ ಹೆಸರು, ಕೊನೆಗೆ ಶಾಪಾಶಯ ಬರುತ್ತವೆ. ದತ್ತಿಯನ್ನು ಅಳಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಭಯವೇ ಅವರ ಬೀಗ. ಅದೇ ಊರಿನಲ್ಲಿ ನಾಗತ್ತರನ ಮಗಳು ತೊಂಡಬ್ಬೆಯ ನಿಸಿಧಿಯಿದೆ. ಸಲ್ಲೇಖನವನ್ನು ಕೈಗೊಂಡವಳ ನೆನಪಿಗೆ ನೆಟ್ಟ ಆ ಕಲ್ಲಿನಿಂದ ಯಾರಿಗೂ ಒಂದು ಗೇಣು ಭೂಮಿಯೂ ಬರಲಿಲ್ಲ. ಸುಮಾರು 890ರ ಇನ್ನೊಂದು ಶಾಸನ 'ಬೆಂಗಳೂರ ಕಾಳಗ'ವನ್ನು ಹೇಳುತ್ತದೆ. ಸತ್ತವನ ಹೆಸರು ಉಳಿಯಲೆಂದು ಕೆತ್ತಿದ ಸಾಲು ಒಂದು ಮಹಾನಗರದ ಹೆಸರಿನ ಪ್ರಾಚೀನತೆಗೆ ಆಧಾರವಾಗುವುದೆಂದು ಬರೆದವನು ಊಹಿಸಿರಲಾರ.

ರೈಸ್ ಪ್ರಕಟಿಸಿದ ಬೆಂಗಳೂರು ಸೀಮೆಯ ಶಾಸನಗಳಲ್ಲಿ ಹಲವು ಈಗ ಸ್ಥಳದಲ್ಲಿ ಸಿಗುವುದಿಲ್ಲ. ರಸ್ತೆ, ಬಡಾವಣೆ, ಕಟ್ಟಡಗಳ ಅಡಿಯಲ್ಲಿ ಕಲ್ಲು ಹೋಯಿತು. 1905ರ ಕಾಗದದ ಪ್ರತಿ ಉಳಿಯಿತು. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ಪಿ. ಎಲ್. ಉದಯಕುಮಾರ್ ಅವರ ತಂಡ ಉಳಿದಿರುವ ಕಲ್ಲುಗಳನ್ನು ಹುಡುಕಿ, ತೊಳೆದು, ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರಗಳು ಆ ಪ್ರತಿಗಳಲ್ಲಿ ಮತ್ತೆ ಓದಿಗೆ ದಕ್ಕುತ್ತಿವೆ.