ಬರೆದಿಟ್ಟವರ ಋಣ

ಬಾಲ್ಯದಲ್ಲಿ ಉಂಡ ಕಷ್ಟ ದೇಹದಲ್ಲಿ ಎಲ್ಲಿ ಉಳಿಯುತ್ತದೆ ಎಂದು ಹುಡುಕುವ ಗುಂಪಿನಲ್ಲಿ ಲೆಕ್ಕ ನೋಡುವವಳು ನಾನು, ಬಯೋಸ್ಟ್ಯಾಟಿಸ್ಟಿಷಿಯನ್. ಈ ಕಸುಬಿನ ಚರಿತ್ರೆಯನ್ನು ಸಾಮಾನ್ಯವಾಗಿ 2004ರಿಂದ ಶುರುಮಾಡುತ್ತಾರೆ. ತಾಯಿ ಚೆನ್ನಾಗಿ ನೆಕ್ಕಿ ಸಾಕಿದ ಇಲಿಮರಿಗಳಿಗೂ ಹಾಗೆ ಸಾಕದ ಮರಿಗಳಿಗೂ ಮಿದುಳಿನ ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳಲ್ಲಿ ವ್ಯತ್ಯಾಸವಿದೆ ಎಂದು ಮಾಂಟ್ರಿಯಲ್‌ನ ಮೈಕೆಲ್ ಮೀನಿ, ಮೋಶೆ ಷಿಫ್ ಮತ್ತು ಸಂಗಡಿಗರು ತೋರಿಸಿದ ವರ್ಷ ಅದು. ನಾನಾದರೆ ಇನ್ನೂ ಎಪ್ಪತ್ತು ವರ್ಷ ಹಿಂದಕ್ಕೆ, ಮೈಸೂರಿನ ಹೆರಿಗೆ ವಾರ್ಡಿಗೆ ಹೋಗುತ್ತೇನೆ.

ನಮ್ಮೂರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಸುಮಾರು ಅರವತ್ತು ವರ್ಷಗಳ ಮೇಲೆ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರು ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆಮಾಡಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ; 3.1 ಕಿಲೋ ಮೀರಿದವರಲ್ಲಿ ಶೇ 3. ಕೂಸನ್ನು ತೂಗಿದವರಿಗೆ ಹುಟ್ಟುತೂಕಕ್ಕೂ ಮುಂದಿನ ಕಾಯಿಲೆಗೂ ನಂಟಿದೆಯೇ ಎಂಬ ಪ್ರಶ್ನೆಯೇ ಗೊತ್ತಿರಲಿಲ್ಲ, ಉತ್ತರ ಹೀಗೇ ಬರಲಿ ಎಂಬ ಆಸೆಯೂ ಇರಲಿಲ್ಲ. ಅದಕ್ಕೇ ಆ ಅಂಕಿಗಳ ಮೇಲೆ ನನಗೆ ಅಷ್ಟು ನಂಬಿಕೆ.

1998ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಫೆಲಿಟಿ ಮತ್ತು ಆಂಡಾ ಎಂಬ ಸಂಶೋಧಕರು ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಹಿಂಸೆ, ಮನೆಯ ಕಲಹಗಳ ಬಗ್ಗೆ ಕೇಳಿದರು. ದೊಡ್ಡ ಕೆಲಸ, ಜಗತ್ತಿನ ಕಣ್ಣು ತೆರೆಸಿತು. ಆದರೆ ಆಧಾರ ನೆನಪು. ಇವತ್ತು ಮನಸ್ಸು ಕುಗ್ಗಿದವರಿಗೆ ನಿನ್ನೆಯೂ ಕಪ್ಪಾಗಿಯೇ ಕಾಣುತ್ತದೆ. ಕೆಲವರು ಸಂಕಟವನ್ನು ಮರೆತೇ ಬದುಕಿರುತ್ತಾರೆ.

ನೆದರ್‌ಲ್ಯಾಂಡ್ಸ್‌ನಲ್ಲಿ ನೆನಪನ್ನು ಕೇಳಬೇಕಾಗಲಿಲ್ಲ. 1944–45ರ ಚಳಿಗಾಲದಲ್ಲಿ ಜರ್ಮನ್ನರು ಆಹಾರ ತಡೆದಾಗ ಪಡಿತರ ಯಾವ ವಾರ ಎಷ್ಟಕ್ಕೆ ಇಳಿಯಿತು ಎಂಬುದು ಕಾಗದದಲ್ಲಿತ್ತು. ಆ ಹಸಿವಿನ ಕಾಲದಲ್ಲಿ ತಾಯಿಯ ಗರ್ಭದಲ್ಲಿ ಮೂಡಿದ 60 ಜನರನ್ನು ಅವರದೇ ಒಡಹುಟ್ಟಿದವರ ಜೊತೆ 2008ರಲ್ಲಿ ಹೋಲಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಜೀನಿನ ಮೀಥೈಲೇಶನ್, ಅಂದರೆ ಅದರ ಮೇಲಿನ ಮೀಥೈಲ್ ಗುರುತುಗಳ ಪ್ರಮಾಣ, ಅವರಲ್ಲಿ ಸುಮಾರು ಶೇ 5ರಷ್ಟು ಕಡಿಮೆ ಇತ್ತು. ಆರು ದಶಕ ಕಳೆದರೂ!

ನನ್ನ ಕಸುಬು ಪೂರ್ತಿ ರೂಪ ಪಡೆದದ್ದು ಬ್ರಿಸ್ಟಲ್‌ನಲ್ಲಿ. ಜೀನ್ ಗೋಲ್ಡಿಂಗ್ ಕಟ್ಟಿದ ಆಲ್‌ಸ್ಪ್ಯಾಕ್ ಅಧ್ಯಯನ, 1991 ಏಪ್ರಿಲ್‌ನಿಂದ 1992ರ ಕೊನೆಯೊಳಗೆ ದಿನ ತುಂಬುವ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬಸುರುಗಳನ್ನು ದಾಖಲಿಸಿತು. ಹೊಕ್ಕುಳಬಳ್ಳಿಯ ರಕ್ತ ತೆಗೆದಿಟ್ಟರು. ದುಡ್ಡಿನ ತಾಪತ್ರಯ, ಗಂಡನ ಹೊಡೆತ, ತಾಯಿಯ ಖಿನ್ನತೆ, ಮನೆ ಬದಲು: ಎಲ್ಲವನ್ನೂ ಅಂಚೆಯ ಪ್ರಶ್ನಾವಳಿಯಲ್ಲಿ ಮತ್ತೆಮತ್ತೆ ಕೇಳಿದರು. ಕೈಕೂಸನ್ನಿಟ್ಟುಕೊಂಡು ಅದನ್ನೆಲ್ಲ ತುಂಬಿ ಕಳಿಸಿದ ಆ ತಾಯಂದಿರಿಗೆ ನಾನು ಋಣಿ. ಮುಂದೆ ಸುಮಾರು ಸಾವಿರ ತಾಯಿ-ಮಗು ಜೋಡಿಗಳ ಡಿಎನ್‌ಎಯನ್ನು ಮೀಥೈಲೇಶನ್ ಅಳೆಯುವ ಚಿಪ್ಪಿಗೆ ಹಾಕಿದರು.

ಅಂಥ ಒಂದೊಂದು ಚಿಪ್ಪಿನ ಮೇಲೆ ಕೂರುವುದು 12 ಮಾದರಿ. ಕಷ್ಟ ಕಂಡ ಮಕ್ಕಳ ರಕ್ತವೆಲ್ಲ ಒಂದೇ ಚಿಪ್ಪಿನಲ್ಲಿ ಕೂತರೆ ಚಿಪ್ಪಿನ ದೋಷವೇ ಕಷ್ಟದ ಗುರುತಾಗಿ ಕಾಣುತ್ತದೆ. ರಕ್ತದಲ್ಲಿ ಬೇರೆಬೇರೆ ಬಿಳಿ ಕಣಗಳ ಪಾಲು ಏರುಪೇರಾದರೂ ಹಾಗೇ. ಚಿಪ್ಪು ಅಳೆಯುವುದು 4 ಲಕ್ಷ 85 ಸಾವಿರ ಜಾಗಗಳನ್ನು. ಇಪ್ಪತ್ತಕ್ಕೊಂದು ತಪ್ಪಿಗೆ ಅವಕಾಶ ಕೊಟ್ಟರೆ ಬರೀ ಆಕಸ್ಮಿಕವಾಗಿಯೇ 24 ಸಾವಿರ ಜಾಗ ಮಿನುಗುತ್ತವೆ. ನಮ್ಮ ದಿನದ ಹೆಚ್ಚು ಪಾಲು ಇಂಥ ಸುಳ್ಳು ಬೆಳಕನ್ನು ನಂದಿಸುವುದರಲ್ಲೇ ಹೋಗುತ್ತದೆ.

2019ರಲ್ಲಿ ಎರಿನ್ ಡನ್ ಮತ್ತು ಸಂಗಡಿಗರು ಇದೇ ಮಕ್ಕಳಲ್ಲಿ ಕೇಳಿದ ಪ್ರಶ್ನೆ ನನಗೆ ಬಹಳ ಮುಖ್ಯ: ಕಷ್ಟ ಎಷ್ಟು ಸಲ ಬಂತು ಎಂಬುದು ದೊಡ್ಡದೋ, ಯಾವಾಗ ಬಂತು ಎಂಬುದೋ? ಏಳನೇ ವಯಸ್ಸಿನ ರಕ್ತದಲ್ಲಿ ಅವರು ಗುರುತಿಸಿದ 38 ಜಾಗಗಳಲ್ಲಿ ಬಹುಪಾಲು, ಮೂರು ವರ್ಷದೊಳಗಿನ ಕಷ್ಟಕ್ಕೆ ಸೇರಿದ್ದವು. ‘ಯಾವಾಗ’ ಎಂದು ಕೇಳಲು ಸಾಧ್ಯವಾದದ್ದೇ ಆಗಿಂದಾಗ ಬರೆದಿಟ್ಟ ಉತ್ತರಗಳಿಂದ. ಬ್ರಿಸ್ಟಲ್‌ನ ಆ ಮಕ್ಕಳು ಬಹುತೇಕ ಬಿಳಿಯರು. ನಮ್ಮ ಮಕ್ಕಳಿಗೂ ಇದು ಹೊಂದುತ್ತದೆ ಎನ್ನಲು ನಮ್ಮ ಮಕ್ಕಳಲ್ಲೇ ಅಳೆದು ನೋಡಬೇಕು.

ಚಿಕ್ಕಮ್ಮನ ಮಗಳು ಒಮ್ಮೆ ಕೇಳಿದಳು: “ಅಕ್ಕಾ, ನನ್ನ ಮಗನಿಗೂ ಆ ಟೆಸ್ಟ್ ಮಾಡಿಸಲಾ?” ಬೇಡ ಎಂದೆ. ವ್ಯತ್ಯಾಸ ಸಣ್ಣದು, ನೂರಾರು ಮಕ್ಕಳ ಸರಾಸರಿಯಲ್ಲಿ ಮಾತ್ರ ಕಾಣುವಂಥದ್ದು. ಒಂದು ಮಗುವಿನ ರಕ್ತ ನೋಡಿ ಅದರ ನಾಳೆಯನ್ನು ಹೇಳಬಲ್ಲ ಪರೀಕ್ಷೆ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.