ಸಹಾಯ ಕೇಳಿದ ಕ್ಯಾಪ್ಟನ್

1989ರ ಜುಲೈ 19. ಅಮೆರಿಕದ ಡೆನ್ವರ್‌ನಿಂದ ಷಿಕಾಗೋಗೆ ಹೊರಟ ಯುನೈಟೆಡ್ ಏರ್‌ಲೈನ್ಸ್ 232 ವಿಮಾನ. ಡಿಸಿ-10. ಒಳಗೆ 296 ಜನ. 37 ಸಾವಿರ ಅಡಿ ಎತ್ತರದಲ್ಲಿ, ಮಧ್ಯಾಹ್ನ 3 ಗಂಟೆ 16 ನಿಮಿಷಕ್ಕೆ, ಬಾಲದ ಕಡೆಯಿಂದ ಭಾರೀ ಸದ್ದು. ಕೋ-ಪೈಲಟ್ ಕಂಟ್ರೋಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹಿಡಿದಿದ್ದಾರೆ. ವಿಮಾನ ಮಾತ್ರ ಬಲಕ್ಕೇ ವಾಲ್ತಾ ಹೋಗ್ತಿದೆ!

ಏನಾಗಿತ್ತು ಗೊತ್ತಾ? ಬಾಲದ ಎಂಜಿನ್‌ನಲ್ಲಿದ್ದ ಟೈಟಾನಿಯಂ ಫ್ಯಾನ್ ಡಿಸ್ಕ್ ಒಡೆದು ಚೂರಾಗಿತ್ತು. ಲೋಹ ತಯಾರಾಗುವಾಗಲೇ ಉಳಿದಿದ್ದ ಒಂದು ಸಣ್ಣ ದೋಷ, ಅದರಿಂದ ವರ್ಷಗಟ್ಟಲೆ ಬೆಳೆದ ಬಿರುಕು. ತಪಾಸಣೆ ಮಾಡಿದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಚೂರುಗಳು ಬಾಲವನ್ನು ಸೀಳಿಕೊಂಡು ಹೋದವು. ಹೈಡ್ರಾಲಿಕ್ ಕೊಳವೆಗಳು ಕತ್ತರಿಸಿದವು, ಎಣ್ಣೆ ಪೂರ್ತಿ ಸೋರಿಹೋಯ್ತು.

ಹೈಡ್ರಾಲಿಕ್ ಅಂದ್ರೆ ವಿಮಾನದ ನರಮಂಡಲ ಅಂದುಕೊಳ್ಳಿ. ಅಷ್ಟು ದೊಡ್ಡ ವಿಮಾನದ ರೆಕ್ಕೆ, ಬಾಲದ ಹಲಗೆಗಳನ್ನು ಕೈಬಲದಿಂದ ಆಡಿಸೋಕೆ ಆಗಲ್ಲ. ಒತ್ತಡದಲ್ಲಿರುವ ಎಣ್ಣೆಯೇ ಆಡಿಸಬೇಕು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಡಿಸಿ-10ಕ್ಕೆ ಮೂರು ಪ್ರತ್ಯೇಕ ವ್ಯವಸ್ಥೆ ಕೊಟ್ಟಿದ್ದರು. ಮೂರೂ ಒಟ್ಟಿಗೆ ಹೋಗೋದು ಅಸಾಧ್ಯ ಅಂತಲೇ ಎಲ್ಲರ ನಂಬಿಕೆ. ಅದಕ್ಕೇ ಕೈಪಿಡಿಯಲ್ಲಿ ಪರಿಹಾರವನ್ನೂ ಬರೆದಿರಲಿಲ್ಲ. ನೆಲದ ಮೇಲಿದ್ದ ಕಂಪನಿಯ ಎಂಜಿನಿಯರ್‌ಗಳಿಗೆ ರೇಡಿಯೊದಲ್ಲಿ ಹೇಳಿದರೆ, ಅವರು ನಂಬೋಕಾಗದೆ ಮತ್ತೆ ಮತ್ತೆ ಅದನ್ನೇ ಕೇಳ್ತಾರೆ!

ಕ್ಯಾಪ್ಟನ್ ಅಲ್ ಹೇನ್ಸ್ ಅನುಭವಿ. ಆದ್ರೆ ಇಂಥದ್ದನ್ನು ಯಾವ ಅನುಭವಿಯೂ ಕಂಡಿರಲಿಲ್ಲ. ಆಗ ಪ್ರಯಾಣಿಕರ ಸೀಟಿನಲ್ಲಿದ್ದ ಡೆನ್ನಿಸ್ ಫಿಚ್ ಎಂಬುವರು, ನಾನೂ ಡಿಸಿ-10 ಪೈಲಟ್‌ಗಳಿಗೆ ತರಬೇತಿ ಕೊಡುವವನು, ಸಹಾಯ ಬೇಕಾ ಅಂತ ಗಗನಸಖಿಯ ಮೂಲಕ ಕೇಳಿಸಿದರು. ಹೇನ್ಸ್ ತಕ್ಷಣ ಕರೆಸಿಕೊಂಡರು.

ಇಲ್ಲಿ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್‌ನ 747 ವಿಮಾನ ಹೀಗೇ ಹೈಡ್ರಾಲಿಕ್ ಪೂರ್ತಿ ಕಳೆದುಕೊಂಡು ಬೆಟ್ಟಕ್ಕೆ ಬಡಿದಿತ್ತು. ಸತ್ತವರು 520 ಜನ, ಬದುಕಿದವರು ನಾಲ್ಕೇ ನಾಲ್ಕು. ಆ ದುರಂತ ಓದಿ ಕಂಗೆಟ್ಟ ಫಿಚ್, ಬರೀ ಎಂಜಿನ್ ವೇಗದಿಂದ ವಿಮಾನವನ್ನು ಹಿಡಿತಕ್ಕೆ ತರಬಹುದಾ ಅಂತ ಸಿಮ್ಯುಲೇಟರ್‌ನಲ್ಲಿ ಪ್ರಯತ್ನಿಸಿ ನೋಡಿದ್ದರು. ಯಾರೂ ಹೇಳಿರಲಿಲ್ಲ. ತಾವಾಗೇ ಮಾಡಿದ್ದು!

ಫಿಚ್ ಸೀಟುಗಳ ನಡುವೆ ಮಂಡಿಯೂರಿ ಕೂತರು. ಎರಡು ಕೈಯಲ್ಲಿ ಎರಡು ಎಂಜಿನ್‌ನ ಥ್ರಾಟಲ್. ಒಂದಕ್ಕೆ ಜಾಸ್ತಿ ಕೊಟ್ಟರೆ ವಿಮಾನ ತಿರುಗುತ್ತೆ. ಎರಡಕ್ಕೂ ಕೊಟ್ಟರೆ ಮೂಗು ಏರುತ್ತೆ, ತೆಗೆದರೆ ಇಳಿಯುತ್ತೆ. ಸದ್ದು ಕೇಳಿದಾಗಿನಿಂದ ನೆಲ ಮುಟ್ಟುವವರೆಗೆ ಒಟ್ಟು 44 ನಿಮಿಷ! ಅಯೋವಾದ ಸೂ ಸಿಟಿಯಲ್ಲಿ, ಮುಚ್ಚಿದ್ದ ರನ್‌ವೇ 22ರ ಮೇಲೆ ವಿಮಾನ ಅಪ್ಪಳಿಸಿತು. ಬಲರೆಕ್ಕೆ ಮುರಿಯಿತು, ಬೆಂಕಿ ಹತ್ತಿತು, ವಿಮಾನ ಮಗುಚಿಕೊಂಡು ಪಕ್ಕದ ಜೋಳದ ಹೊಲಕ್ಕೆ ಹೋಯ್ತು. ಮುರಿದ ಕಾಕ್‌ಪಿಟ್ ಎಷ್ಟು ನಜ್ಜುಗುಜ್ಜಾಗಿತ್ತು ಅಂದ್ರೆ, ಒಳಗೆ ಜನ ಇದ್ದಾರೆ ಅಂತ ತಿಳಿಯೋಕೇ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ನಾಲ್ವರೂ ಬದುಕಿದ್ದರು. ಒಟ್ಟು 112 ಜನ ಸತ್ತರು, 184 ಜನ ಉಳಿದರು. ಆಮೇಲೆ ಸಿಮ್ಯುಲೇಟರ್‌ನಲ್ಲಿ ಇದನ್ನೇ ಮಾಡಿ ನೋಡಿದ ಪೈಲಟ್‌ಗಳಿಗೆ ಸರಿಯಾಗಿ ಇಳಿಸೋಕೆ ಆಗಲೇ ಇಲ್ಲ.

ಇದು ಪವಾಡವಾ? ಇನ್ನೂ ಹಿಂದಕ್ಕೆ ನೋಡಿ. 1978ರ ಡಿಸೆಂಬರ್ 28, ಪೋರ್ಟ್‌ಲ್ಯಾಂಡ್. ಇದೇ ಕಂಪನಿಯ ವಿಮಾನ. ಲ್ಯಾಂಡಿಂಗ್ ಗೇರ್ ಸಮಸ್ಯೆಯಲ್ಲೇ ಮುಳುಗಿದ್ದ ಕ್ಯಾಪ್ಟನ್‌ಗೆ ಇಂಧನ ಮುಗೀತಿದೆ ಅಂತ ಜೊತೆಯವರು ಸೂಚಿಸಿದರು, ಆದ್ರೆ ಗಟ್ಟಿಯಾಗಿ ಹೇಳೋ ಧೈರ್ಯ ಸಾಲಲಿಲ್ಲ. ಎಂಜಿನ್ ನಿಂತು ವಿಮಾನ ಬಿತ್ತು, 10 ಜನ ಸತ್ತರು. ಅಲ್ಲಿಂದ ಕಂಪನಿ ಪಾಠ ಕಲಿತು, ಕ್ಯಾಪ್ಟನ್ ಎಲ್ಲರ ಮಾತು ಕೇಳಬೇಕು, ಕಿರಿಯರೂ ಬಾಯಿಬಿಟ್ಟು ಹೇಳಬೇಕು ಅಂತ ತರಬೇತಿ ಶುರುಮಾಡಿತು. ಹೇನ್ಸ್ ಆ ತರಬೇತಿಯಿಂದಲೇ ಬಂದವರು. ಆ ತರಬೇತಿ ಇಲ್ಲದಿದ್ದರೆ ತಾವು ಬದುಕುತ್ತಿರಲಿಲ್ಲ ಅನ್ನೋದೇ ಅವರ ನಂಬಿಕೆಯಾಗಿತ್ತು. 2019ರಲ್ಲಿ ತೀರಿಕೊಳ್ಳುವವರೆಗೆ ತಮ್ಮನ್ನು ಹೀರೋ ಅಂತ ಕರೆಯೋಕೆ ಅವರು ಬಿಡಲಿಲ್ಲ.

ಪೋರ್ಟ್‌ಲ್ಯಾಂಡ್‌ನಲ್ಲಿ 10, ಜಪಾನ್‌ನಲ್ಲಿ 520. ಆ ಸಾವುಗಳಿಂದ ಕಲಿತವರು ಕಾಕ್‌ಪಿಟ್‌ನಲ್ಲಿ ಇದ್ದದ್ದಕ್ಕೇ ಸೂ ಸಿಟಿಯಲ್ಲಿ 184 ಜನ ಮನೆಗೆ ಹೋದರು. ದೊಡ್ಡ ಕುರ್ಚಿಯಲ್ಲಿ ಕೂತವರೇ, ನಿಮ್ಮ ಬಾಗಿಲು ತಟ್ಟಿ ಸಹಾಯ ಬೇಕಾ ಅಂತ ಕೇಳಿದವನನ್ನು ಕೊನೆಯ ಸಲ ಒಳಗೆ ಕರೆದದ್ದು ಯಾವಾಗ?