ಒಂದು ಹೊದಿಕೆ, ನಾಲ್ಕು ಹೆಸರು

ನಾಂಪಲ್ಲಿಯ ನುಮಾಯಿಷ್‌ಗೆ ಹೋದವರು ಅಲ್ಲಿ ರಜಾಯಿ, ಕಾಶ್ಮೀರದ ಶಾಲುಗಳನ್ನು ಮುಟ್ಟಿ ನೋಡದೆ ಬಂದಿರಲಾರರು. 1938ರಲ್ಲಿ ಪಬ್ಲಿಕ್ ಗಾರ್ಡನ್‌ನಲ್ಲಿ ಶುರುವಾಗಿ, 1946ರಲ್ಲಿ ಈಗಿನ ಮೈದಾನಕ್ಕೆ ಬಂದ ಮೇಳ ಅದು. ಆದರೆ ನಾವು ಇಂದು ಹೇಳಹೊರಟಿರುವುದು ಯಾರೂ ಅಂಗಡಿಯಲ್ಲಿ ಕೊಳ್ಳದೆ ಹೊದ್ದು ಮಲಗಿದ ಹೊದಿಕೆಯ ಚರಿತ್ರೆ. ಹಳೆ ಸೀರೆ, ಹರಿದ ಧೋತರ, ದರ್ಜಿ ಕತ್ತರಿಸಿ ಬಿಟ್ಟ ಚೂರು ಕೂಡಿಸಿ ಹೊಲಿದದ್ದು. ಬೀದರ್, ಕಲಬುರಗಿ ಕಡೆಯ ನಿಮಗೆ ಅದು ಕೌದಿ. ಪಕ್ಕದ ಮನೆಯ ತೆಲುಗರಿಗೆ ಬೊಂತ, ಮರಾಠಿಯವರಿಗೆ ಗೋಧಡಿ, ಹಳೇ ಶಹರದಲ್ಲಿ ಗುದಡಿ.

ಬೊಂತ ತೆಲುಗಿನದು, ನಮ್ಮದಲ್ಲ ಎಂದುಕೊಂಡಿರಾ? ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣೆಯರಲ್ಲಿ ಬೊಂತಾದೇವಿ ಒಬ್ಬಳು. ಕಾಶ್ಮೀರದಿಂದ ಬಂದವಳು, ಬೊಂತೆ ಹೊದ್ದವಳಾದ್ದರಿಂದ ಆ ಹೆಸರು ಬಂತು ಎನ್ನುತ್ತವೆ ಪುರಾಣಗಳು. ಕಥೆ ಎಷ್ಟು ನಿಜವೋ, ಪದವಂತೂ ಹಳೆಯದು. ಆ ಕಲ್ಯಾಣವೇ ಬೀದರ್ ಜಿಲ್ಲೆಯ ಬಸವಕಲ್ಯಾಣ; 1956ರ ನವೆಂಬರ್ 1ರವರೆಗೆ ಅದಕ್ಕೂ ರಾಜಧಾನಿ ಈ ಹೈದರಾಬಾದೇ. 1907ರಲ್ಲಿ ನಾಂಪಲ್ಲಿ ಸ್ಟೇಷನ್ ಆದ ಮೇಲೆ ಕಚೇರಿಗೆ, ಕೋರ್ಟಿಗೆ, ಕಾಲೇಜಿಗೆ ಎಂದು ಬಂದ ನಮ್ಮ ಹಿರಿಯರ ಹಾಸಿಗೆ ಸುರುಳಿಯಲ್ಲಿ ಕೌದಿ ಇರದೆ ಇದ್ದೀತೇ?

ಇಷ್ಟಾದರೂ ನೂರು ವರ್ಷದ ಕೌದಿಯೊಂದನ್ನು ತೋರಿಸಿ ಎಂದರೆ ಕಷ್ಟ. ಕಾರಣ ಹೊಲಿಯುವ ಕ್ರಮದಲ್ಲೇ ಇದೆ. ಅಡಿಗೆ ಒಂದು ಹಳೆ ಸೀರೆ ಹಾಸಿ, ನಡುವೆ ಸವೆದ ಬಟ್ಟೆಗಳ ಪದರ ಹರಡಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ದಪ್ಪ ಸೂಜಿಯಿಂದ ಸಾಲುಸಾಲಾಗಿ ಹೊಲಿಯುತ್ತಾರೆ. ಕೌದಿ ಜೀರ್ಣವಾದರೆ ಎಸೆಯುವುದಿಲ್ಲ. ಅದೇ ಹೊಸ ಕೌದಿಯ ಹೊಟ್ಟೆಗೆ ಹೋಗುತ್ತದೆ. ಅಜ್ಜಿಯ ಸೀರೆ ಮೊಮ್ಮಗನ ಕೌದಿಯೊಳಗೆ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅರಮನೆಯ ಜರತಾರಿ ಮ್ಯೂಸಿಯಂ ಸೇರಿತು, ಕೌದಿ ಕೌದಿಯನ್ನೇ ನುಂಗಿತು.

ಮನೆಯ ಹೆಂಗಸರಷ್ಟೇ ಹೊಲಿದರು ಎನ್ನುವಂತೆಯೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಗೊಂದಲಿಗ ಹೆಣ್ಣುಮಕ್ಕಳು ಕೌದಿ ಹೊಲಿದುಕೊಟ್ಟೇ ಸಂಸಾರ ಸಾಗಿಸಿದರು. ಇವರ ಹೆಸರನ್ನು ಯಾವ ಗೆಜೆಟಿಯರಿನಲ್ಲಿ ಹುಡುಕುವುದು?

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಗೆ ಮಾತ್ರ ಬೇರೆ ಅದೃಷ್ಟ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ 'ಫೂಲ' ಎಂಬ ಮಡಿಸಿದ ತ್ರಿಕೋನ ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದ ಈ ಕೌದಿಗಳು ಹೊರದೇಶದ ಗ್ಯಾಲರಿಗಳನ್ನೂ ಕಂಡವು. ಅಂದಹಾಗೆ, ನಾಂಪಲ್ಲಿಯ ಆಸುಪಾಸಿನ ಎ.ಸಿ. ಗಾರ್ಡ್ಸ್ ಬಡಾವಣೆಯ ಹೆಸರು ನಿಜಾಮರ ಆಫ್ರಿಕನ್ ಅಶ್ವದಳದಿಂದ ಬಂದದ್ದು. ಅವರನ್ನೂ ಇವರನ್ನೂ ಒಂದೇ ದಾರದಲ್ಲಿ ಹೊಲಿಯುವ ಅವಸರ ಬೇಡ, ಆದರೆ ನೆನಪಾಗದೆ ಇರದು.

ಈಗಿನ ತೊಡಕು ಬಟ್ಟೆಯದೇ. ನೂಲಿನ ಸೀರೆ ಉಟ್ಟಷ್ಟೂ ಮೆತ್ತಗಾಗುತ್ತಿತ್ತು. ಪಾಲಿಯೆಸ್ಟರ್ ಸೀರೆ ಹರಿಯುವುದೂ ಇಲ್ಲ, ಬೆವರು ಹೀರುವುದೂ ಇಲ್ಲ. ಹೊಲಿಯಲು ಕೂತರೆ ಕೈಯಿಂದ ಜಾರುತ್ತದೆ.

ನಿಮ್ಮ ಅಟ್ಟದ ಟ್ರಂಕಿನಲ್ಲಿ ಕೌದಿ ಇದ್ದರೆ ಹರಿದ ಕಡೆ ಮೆಲ್ಲಗೆ ಬಿಡಿಸಿ, ಒಳಪದರ ನೋಡಿ. ಅದು ಯಾರ ಸೀರೆ, ಯಾವ ಊರಿನದು ಎಂದು ಮನೆಯ ಹಿರಿಯರನ್ನು ಕೇಳಿ, ನಮಗೂ ಎರಡು ಸಾಲು ಬರೆಯಿರಿ.